ಒಣಗದ ಚಿತ್ರ

ಚಳ್ಳಕೆರೆಯಲ್ಲಿ, ಎಣ್ಣೆ ಮಿಲ್ಲುಗಳ ಸಾಲು ಮುಗಿಯುವಲ್ಲಿ
ನನ್ನದೊಂದು ಚೌಕಟ್ಟಿನ ಅಂಗಡಿ.
ಬರುವವರು ಎರಡೇ ಬಗೆ:
ದೇವರನ್ನು ತರುವವರು, ತೀರಿಹೋದವರನ್ನು ತರುವವರು.
ಇಬ್ಬರಿಗೂ ಅದೇ ಗಾಜು, ಅದೇ ಚಿನ್ನದ ಬಣ್ಣದ ಪಟ್ಟಿ.

ಪಾಲಯ್ಯ ತಂದದ್ದು ಮೂರನೆಯ ಬಗೆ.
ಸೈಕಲ್ಲಿನ ಕ್ಯಾರಿಯರಿಗೆ ಅಡ್ಡ ಕಟ್ಟಿ
ಗಾಳಿ ಎಳೆದ ಕಡೆಗೆಲ್ಲ ತಾನೂ ವಾಲುತ್ತ ಬಂದ.
"ಮುಟ್ಟಬ್ಯಾಡ ಇಮಾಮಣ್ಣ, ಹಸಿ ಐತೆ."
"ಯಾವಾಗ ಬರೆದದ್ದೋ?"
"ಹೋದ ವರ್ಷದ ಹಿಂದಿನ ವರ್ಷ."

ಮಿಲ್ಲುಗಳ ಬೋರ್ಡು ಬರೆದ ಕೈ ಅದು.
ಫ್ಲೆಕ್ಸು ಬಂತು, ಬ್ರಶ್ಶಿಗೆ ಬಿಡುವಾಯಿತು,
ಆ ಬಿಡುವಿನಲ್ಲಿ ಇದೊಂದೇ ಚಿತ್ರ.
ಅಗಸೆ ಎಣ್ಣೆ ಅರ್ಧಕ್ಕೇ ತೀರಿತಂತೆ.
ಎಣ್ಣೆ ಅಂದರೆ ಎಣ್ಣೆ ತಾನೆ ಎಂದು
ಮಿಲ್ಲಿನಿಂದ ಒಂದು ಲೋಟ ಶೇಂಗಾ ಎಣ್ಣೆ ತಂದು ಕಲಸಿದ.
ಅಗಸೆ ಗಾಳಿ ಕುಡಿದು ಗಟ್ಟಿಯಾಗುತ್ತದೆ;
ಶೇಂಗಾಕ್ಕೆ ಆ ಗುಣವಿಲ್ಲ,
ಎಲ್ಲಿಟ್ಟರೂ ಅದು ಅಡಿಗೆಮನೆಯದೇ.

ಕಾವಲು ಬರೆದಿದ್ದ, ಬೇಲಿ ಬೀಳುವ ಮುಂಚಿನದು.
ಕರಡದ ನಡುವೆ ಕುರಿ, ಕುರಿಗಳ ನಡುವೆ
ಕಂಬಳಿಯ ಕೊಪ್ಪೆ ಹೊದ್ದ ಅವನ ಸೋದರತ್ತೆ ಕಾಟಮ್ಮ.
ಕಂಬಳಿಯ ಅಂಚು ಎಲ್ಲಿ ನಿಂತಿತು,
ಮುಸ್ಸಂಜೆಯ ನೆಲ ಎಲ್ಲಿ ಹಿಡಿಯಿತು,
ಕನ್ನಡಕ ಒರೆಸಿಕೊಂಡು ಹುಡುಕಿದೆ. ಸಿಗಲಿಲ್ಲ.
"ಕಾಲೇ ಬರೆದಿಲ್ಲವಲ್ಲೋ?"
"ಹುಲ್ಲಾಗೆ ಅದಾವೆ."

ಇನ್ನೂ ಹತ್ತಿರ ಹೋದೆ.
ಬರೆಯದೆ ಇದ್ದದ್ದು ಕಾಣತೊಡಗಿತು.
ಬರೆದ ಕರಡಕ್ಕೆ ಚುಚ್ಚಿಕೊಂಡು ನಿಜವಾದ ಕರಡದ ಊಬು.
ಮಿಲ್ಲು ತೂರಿದ ಶೇಂಗಾದ ಕೆಂಪು ಹೊಟ್ಟು
ಪಡುವಣದ ಆಕಾಶದ ತುಂಬ.
ಕುರಿಯ ಬೆನ್ನಿಗೆ, ಎಲ್ಲಿಂದಲೋ ಬಂದ ಒಂದೆಳೆ ಉಣ್ಣೆ.
ವಾಸನೆ ಹಿಡಿದು ಗೋಡೆ ಹತ್ತಿದ ಇರುವೆಗಳು
ಕಾಟಮ್ಮನ ನೆರಳಿನ ತನಕ ನಡೆದು, ಅಲ್ಲೇ ನಿಂತಿವೆ;
ಸತ್ತು ಎಷ್ಟು ದಿನವಾಯಿತೋ, ಸಾಲು ಮಾತ್ರ ಮುರಿದಿಲ್ಲ.
ಮಳೆಹುಳುವಿನದೊಂದು ರೆಕ್ಕೆ
ಹೋಗಿ ಹೋಗಿ ಅವಳ ಕಣ್ಣಂಚಿಗೇ ಕೂತಿದೆ,
ಬಾಗಿಲಿನ ಬೆಳಕು ಬಿದ್ದರೆ ಒದ್ದೆ.

"ಕೆಟ್ಟೋಯ್ತಣ್ಣ" ಅಂದ.
"ದುರ್ಗದಾಗೆ ಸ್ಪರ್ಧೆ ಇತ್ತು. ವಿಷಯ ಅವರದೇ:
ಮನುಷ್ಯನಿಗೂ ಪ್ರಕೃತಿಗೂ ಇರೋ ನಂಟು.
ಕಸ ಅಂಟೈತೆ, ಒರೆಸ್ಕೊಂಡು ಬಾ ಅಂತ ಕಳಿಸಿದ್ರು.
ಒರೆಸಿದ್ರೆ ಕಾಟತ್ತೇನೂ ಬತ್ತಾಳೆ ಬಟ್ಟೆಗೆ.
ಗಾಜು ಹಾಕು, ಇನ್ನೇನೂ ಬರದಂಗೆ."

ಅಳೆದೆ. ವಜ್ರದ ಮೊನೆಯಿಂದ ಗೀರಿದೆ, ಗಾಜು ಟಕ್ಕೆಂದಿತು.
ಇಳಿಸುವ ಹೊತ್ತಿಗೆ ಕ್ಯಾನ್ವಾಸು ಜಾರಿತು, ಹಿಡಿದೆ,
ಹೆಬ್ಬೆರಳು ಒಳಗಿಳಿಯಿತು
ಕುರಿಗಳಾಚೆ, ಬಯಲು ಮುಗಿಯುವ ಕಡೆ.
ಮೂವತ್ತೊಂದು ವರ್ಷದ ಕಸುಬು; ನಾಲಿಗೆ ಒಣಗಿತು.

ಪಾಲಯ್ಯ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ.
ಗೆರೆಯ ಮೇಲೆ ಗೆರೆ, ಬಂಡೆಯ ಮೇಲೆ ಬಂಡೆ.
"ಅಲ್ಲೊಂದು ಗುಡ್ಡ ಬೇಕಾಗಿತ್ತು" ಅಂದ.

ಗಾಜು ಬೇಡವೆಂದವರು ಯಾರು, ಅವನೋ ನಾನೋ, ನೆನಪಿಲ್ಲ.
ಬರೀ ಪಟ್ಟಿ ಹೊಡೆದೆ. ಬಿಲ್ಲಿನಲ್ಲಿ ನೂರಿಪ್ಪತ್ತು ಮುರಿದೆ.
ಸೈಕಲ್ಲು ಹೊರಟಿತು,
ಎದುರಿಗೆ ಸಂಜೆಯ ಧೂಳು, ಚಿತ್ರದ ಮುಖ ಅದರ ಕಡೆಗೆ.

ಸೀಮೆಎಣ್ಣೆಯಲ್ಲಿ ಉಜ್ಜಿದೆ, ಸಾಬೂನಿನಲ್ಲಿ ಉಜ್ಜಿದೆ.
ಬೆರಳ ಗೆರೆಗಳ ಸಂದಿಯ ಕಂದು ಬಿಡಲಿಲ್ಲ.
ರೊಟ್ಟಿ ಬಡಿಸುತ್ತ ಹುಸೇನ್‌ಬಿ ಕೈ ನೋಡಿದಳು:
"ಹೊಲಕ್ಕೆ ಹೋಗಿದ್ರಾ?"

ನಮಗೆ ಹೊಲವಿದ್ದದ್ದು ಅಜ್ಜನ ಕಾಲಕ್ಕೆ.
ಹೂಂ ಅಂದೆ.