ಒಂದು ಗುಂಡುಸೂಜಿ ಆಚೆ

ಅಮ್ಮನ ಕೈಯಲ್ಲಿ ನೂಲು ಸುತ್ತಿದ ನಲವತ್ತೆರಡು ಕಡ್ಡಿ,
ಅಜ್ಜಿ ದೊರಿಂಡಾ ಮುಟ್ಟಿ ಮುಟ್ಟಿ ನುಣುಪಾದವು.
ಕಮರಿನ್ಯಾಸಿನ ಬೀದಿಯಲ್ಲಿ ಹೋಗುವವರು
ಅವುಗಳ ಟಕಟಕ ಕೇಳಿ ನಿಲ್ಲುತ್ತಾರೆ;
ಬುಟ್ಟಿ ತುಂಬ ಏಡಿ ತೆವಳಿದ ಹಾಗಿದೆ, ಅನ್ನುತ್ತಾರೆ.
ಅಮ್ಮ ಕೇಳಿಲ್ಲ.
ಆರನೆಯ ವಯಸ್ಸಿನಿಂದೀಚೆಗೆ ಏನನ್ನೂ ಕೇಳಿಲ್ಲ.

ನಾನು ಸಾಂತಿಯಾಗೊ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ರಕ್ತದ ಕೊಳವೆಗಳಿಗೆ ನಂಬರು ಅಂಟಿಸುವವಳು.
ರೈಬೋಸೋಮು ಅಂದರೇನೆಂದು ಅಮ್ಮ ಕೇಳಿದಾಗ
ಎರಡು ಮುಷ್ಟಿ ತೋರಿಸಿದೆ: ಸಣ್ಣದು ಕೆಳಗೆ, ದೊಡ್ಡದು ಮೇಲೆ,
ನಡುವೆ ಜಾರುವ ಒಂದು ಎಳೆ.
ಸಣ್ಣದು ಓದುತ್ತೆ. ದೊಡ್ಡದು ಪೋಣಿಸುತ್ತೆ.
ಗಣ ವಿಂಗಡಿಸುವ ಮೇಷ್ಟ್ರ ಹಾಗೆ ಮೂರು ಮೂರೇ ಅಕ್ಷರ,
ನಾಲ್ಕಕ್ಕೆ ಕೈ ಹಾಕುವುದಿಲ್ಲ, ಎರಡಕ್ಕೆ ಒಪ್ಪುವುದಿಲ್ಲ.
ಪ್ರತಿ ಮೂರಕ್ಕೂ ಒಬ್ಬ ಹಮಾಲಿ ಬರುತ್ತಾನೆ
ಬೆನ್ನ ಮೇಲೆ ಒಂದೇ ಮಣಿ ಹೊತ್ತು.
ಅಕ್ಷರ ಕೂಡಿತೇ, ಇಳಿಸು. ಕೂಡಲಿಲ್ಲವೇ, ನಡೆ ಹೊರಗೆ.
ಸೆಕೆಂಡಿಗೆ ಐದಾರು ಮಣಿ.
ಸರ ಸುರಂಗದಿಂದ ತಲೆ ಹಾಕಿ, ಹೊರಬಂದು,
ತನ್ನಷ್ಟಕ್ಕೆ ಮಡಚಿಕೊಂಡು
ಉಗುರಾಗುತ್ತೆ, ಕೂದಲಾಗುತ್ತೆ,
ಈ ಬೆರಳನ್ನೆಳೆಯುವ ಸ್ನಾಯುವಾಗುತ್ತೆ.

ಅಮ್ಮ ದಿಂಬಿನ ಮೇಲಿನ ರಟ್ಟು ತೋರಿಸಿದಳು,
ತೂತು ಚುಚ್ಚಿದ ನಕ್ಷೆ.
"ಹೊಸದೇನು ಹೇಳ್ತಿದ್ದೀ ನನಗೆ?" ಎಂದವು ಕೈಗಳು.

ಎಪ್ಪತ್ತೊಂದರ ಚಳಿಗಾಲ. ಮಿದುಳಿನ ಪೊರೆಗೆ ಕ್ಷಯ.
ದೊನ್ ಲೆಸ್ಮೆಸ್ ಸ್ಟ್ರೆಪ್ಟೊಮೈಸಿನ್ ಬರೆದರು, ದಿನಕ್ಕೊಂದು ಸೂಜಿ.
ಎರಡು ಚಳಿಗಾಲ ಹೆಣೆದ ಮೇಜುವಸ್ತ್ರವನ್ನು
ಅಜ್ಜಿ ಔಷಧಿಯಂಗಡಿಯವನ ಹೆಂಡತಿಗೆ ಕೊಟ್ಟಳು,
ಬೆಲೆ ಮಾತಾಡಲಿಲ್ಲ.
ಮೂರನೆಯ ವಾರ ಜ್ವರ ಇಳಿಯಿತು.
ಅದೇ ವಾರ, ಭಾನುವಾರ,
ಚರ್ಚಿನ ಗಂಟೆಗೆ ಮಗು ತಲೆಯೆತ್ತಲಿಲ್ಲ.
ಸಾಯುವ ತನಕ ದೊರಿಂಡಾ ಹೇಳಿದ್ದು ಒಂದೇ:
ಕಿವಿ ಮಾರಿ ಜೀವ ಕೊಂಡೆ.

ಆ ಮದ್ದು ನೇರ ಕೊಲ್ಲುವುದಿಲ್ಲ; ತಪ್ಪು ಓದಿಸುತ್ತದೆ.
ಕ್ರಿಮಿಯ ಸಣ್ಣ ಮುಷ್ಟಿಯಲ್ಲೊಂದು ಸಂದಿ, ಅಲ್ಲಿ ಹೊಕ್ಕು ಕೂರುತ್ತದೆ.
ಆಮೇಲೆ ಯಾರ್ಯಾರೋ ಬಂದು ಯಾವ್ಯಾವುದೋ ಮಣಿ ಇಳಿಸುತ್ತಾರೆ.
ನಮ್ಮ ಸಂದಿ ಬೇರೆ. ಮದ್ದು ಹಾದು ಹೋಗುತ್ತದೆ.
ಆದರೆ ನಮ್ಮೊಳಗೇ ಮೈಟೊಕಾಂಡ್ರಿಯ ಉಂಟಲ್ಲ,
ಒಂದಾನೊಂದು ಕಾಲದ ಬ್ಯಾಕ್ಟೀರಿಯಾ,
ಬಾಡಿಗೆಗೆ ಬಂದು ಮನೆಯವರಾದದ್ದು.
ಅದಕ್ಕೆ ಅದರದೇ ರೈಬೋಸೋಮು,
ಅದರ ನಕ್ಷೆ ತಾಯಿಯಿಂದ ಮಾತ್ರ ಇಳಿಯುವುದು.
ಅಮ್ಮನದರಲ್ಲಿ ಸಾವಿರದ ಐನೂರ ಐವತ್ತೈದನೆಯ ಜಾಗದಲ್ಲಿ
ಎ ಇರಬೇಕಾದಲ್ಲಿ ಜಿ. ಅಷ್ಟೆ.
ಅಷ್ಟಕ್ಕೇ ಆ ಸಂದಿ ಹಳೇ ನೆಂಟನ ಮುಖ ತಾಳಿತು,
ಮದ್ದು ಗುರುತು ತಪ್ಪಿತು.
ಕಿವಿಯೊಳಗಿನ ರೋಮಕೋಶಗಳು
ಒಲೆ ಆರಿದ ಮನೆಗಳಂತೆ ಒಂದೊಂದೇ ತಣ್ಣಗಾದವು.

ನನ್ನ ಕೊಳವೆಗೂ ನಂಬರು ಅಂಟಿಸಿದೆ. ಜಿ.
ನನ್ನ ಮಗ ಬ್ರಾಯ್ಸ್. ಜಿ.
ಹೋದ ನವೆಂಬರಿನಲ್ಲಿ ಅವನಿಗೆ ಸೋಂಕು, ನಡುಕದ ಜ್ವರ;
ರಾತ್ರಿಪಾಳಿಯ ಹುಡುಗ ಸಿರಿಂಜಿಗೆ ಜೆಂಟಮೈಸಿನ್ ಎಳೆದಿದ್ದ.
ಬೇಡ, ಅಂದೆ. ಕೂಗಿದೆನಂತೆ.
ಮೂರನೇ ಮಹಡಿಗೆ ಕೇಳಿಸಿತಂತೆ.

ಇಷ್ಟನ್ನು ಅಮ್ಮನಿಗೆ ಹೇಳಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು,
ಬೆರಳು ನೋಯುವಷ್ಟು.
"ಹಾಗಾದರೆ ದೊರಿಂಡಾಳಿಂದ ಬಂತೇ?"
ಅವಳಿಗೆ ಅವಳಮ್ಮನಿಂದ. ಆಕೆಗೆ ಮತ್ತಾರಿಂದಲೋ.
"ತಪ್ಪಕ್ಷರವೇ?"
ಗೊತ್ತಿಲ್ಲ ಅಂದೆ. ಆ ಅಕ್ಷರ ಇಟ್ಟುಕೊಂಡೇ ಆರು ವರ್ಷ ಕೇಳಿದೆ ನೀನು.
ಅಜ್ಜಿ ಎಂಬತ್ತೊಂಬತ್ತರ ತನಕ ಕೇಳಿದಳು,
ಬೆಕ್ಕಿನ ಹೆಜ್ಜೆ ಸಹ.

ಅಮ್ಮ ಸುಮ್ಮನಿದ್ದಳು. ಆಮೇಲೆ ದಿಂಬನ್ನು ಬೆಳಕಿಗೆ ತಿರುಗಿಸಿದಳು.
ಅಂಚಿನಲ್ಲಿ, ಮೀನಿನ ಕಣ್ಣಿನ ಹತ್ತಿರ, ಒಂದು ಗುಂಡುಸೂಜಿ
ರಟ್ಟಿನ ತೂತಿನಿಂದ ಎಳ್ಳಷ್ಟು ಆಚೆ.
ನಮ್ಮ ಮನೆಯವರು ಚುಚ್ಚುವುದು ಅಲ್ಲೇ, ಅಂದಳು.
ಯಾಕೆ ಅಂತ ದೊರಿಂಡಾ ಹೇಳಿರಲಿಲ್ಲ.
ಸಂತೆಯಲ್ಲಿ ಕಳ್ಳಮಾಲು ಹಿಡಿಯುವುದಕ್ಕೆ ಒಳ್ಳೆಯದು, ಅಷ್ಟೆ.

ಕಡ್ಡಿಗಳು ಮತ್ತೆ ಶುರುವಾದವು.
ಅಡುಗೆಮನೆಯಲ್ಲಿ ಬ್ರಾಯ್ಸ್ ಬಿಸ್ಕತ್ತಿನ ಡಬ್ಬಕ್ಕೆ ಚಮಚದಿಂದ ಬಡಿದ.
ನಾನೊಬ್ಬಳೇ ತಿರುಗಿ ನೋಡಿದೆ.