ತಲೆದಿಂಬು

ಸ್ವೀನೋಯ್ ದ್ವೀಪಕ್ಕೆ ಪಾದ್ರಿ ಬರುವುದು ಆರು ವಾರಕ್ಕೊಮ್ಮೆ,
ಅದೂ ಕಡಲು ಒಪ್ಪಿದರೆ.
ಉಳಿದ ಭಾನುವಾರಗಳೆಲ್ಲ ನನ್ನ ಹೈನಿಯವು.
ಮೂವತ್ತೊಂಬತ್ತು ವರ್ಷ ಅವನೇ ಓದಿದ,
ಬಲೆ ಎಳೆದ ಕೈಯಲ್ಲೇ ಪುಟ ತಿರುವಿ,
ಕುರಿ ಕರೆಯುವ ಗಂಟಲಲ್ಲೇ ದೇವರನ್ನೂ ಕರೆದು.

ಆ ಗಂಟಲನ್ನೇ ಅಕ್ಟೋಬರಿನಲ್ಲಿ ಕೊಯ್ದರು.
ಗಡ್ಡೆ ಹೋಯಿತು, ಜೊತೆಗೆ ದನಿಯೂ.
ಈಗ ಕೊರಳಲ್ಲೊಂದು ತೂತು,
ಅದರ ಮೇಲೆ ನಾನು ಹೆಣೆದ ಉಣ್ಣೆಯ ಪಟ್ಟಿ.
ಟೀ ಬೇಕಾದರೆ ಮೇಜು ಕುಟ್ಟುತ್ತಾನೆ ಎರಡು ಸಲ.
ನಾನು ಬೇಕಾದರೆ ಒಂದೇ ಸಲ.

ಜನವರಿಯ ಕೊನೆ. ಐದು ದಿನದಿಂದ ದೋಣಿಯಿಲ್ಲ, ಹೆಲಿಕಾಪ್ಟರಿಲ್ಲ.
ಮತ್ತೆ ಊದಿಕೊಂಡ ಗಂಟು ತೋರಿಸಲು
ಆಸ್ಪತ್ರೆಯವರು ಕೊಟ್ಟ ತಾರೀಖು
ಗಾಳಿಯಲ್ಲೇ ಹಾರಿಹೋಯಿತು.
ಭಾನುವಾರ ಅವನು ಪುಸ್ತಕ ತಂದು ನನ್ನ ಮಡಿಲಲ್ಲಿಟ್ಟ.
ಒಲ್ಲೆ ಅಂದೆ.
ಮೇಜು ಕುಟ್ಟಿದ, ಒಂದು ಸಲ.

ಚರ್ಚಿನಲ್ಲಿ ಐದೇ ಜನ:
ಕಿವಿ ಮಂದವಾದ ಓಲುವಾ,
ತುಮ್ಮಾಸ್ ಮತ್ತು ಅವನ ಹೊಸ ಮೊಣಕಾಲು,
ಜನರೇಟರ್ ನೋಡಿಕೊಳ್ಳುವ ಬಾರ್ದುರ್,
ತಾನು ದೇವರನ್ನು ನಂಬುವುದಿಲ್ಲವೆಂದು ಹೇಳಲು
ಒಂದು ವಾರವೂ ತಪ್ಪದೆ ಬರುವ ಅವನ ತಮ್ಮ,
ಮುಂದಿನ ಬೆಂಚಿನಲ್ಲಿ ಹೈನಿ.
ಸೂರಿನಿಂದ ತೂಗುವ ಪುಟ್ಟ ಮರದ ಹಡಗು
ಸಂದಿಯಲ್ಲಿ ನುಗ್ಗಿದ ಗಾಳಿಗೆ ಮೆಲ್ಲಗೆ ತಿರುಗಿತು.
ಯಾವತ್ತೂ ಪೀಠದ ಕಡೆಗಿದ್ದ ಮೂತಿ ಅವತ್ತು ಬಾಗಿಲ ಕಡೆ.

ಆ ವಾರದ ಪಾಠ, ನೋಡಿ, ಅದೇ:
ಇರುಳು, ದೋಣಿಗೆ ನುಗ್ಗುವ ನೀರು,
ಹಿಂಬದಿಯಲ್ಲಿ ನಿದ್ದೆಹೋದ ಆತ.
ಶಿಷ್ಯರು ಕೂಗುವ ಜಾಗಕ್ಕೆ ಬಂದಾಗ
ಅವರ ಕೂಗು ನನ್ನ ಬಾಯಿಗೆ ಬಂತು, ಬಂದು ಅಲ್ಲೇ ನಿಂತಿತು.
ಎಷ್ಟು ರಾತ್ರಿ ಅದನ್ನೇ ಕೇಳಿರಲಿಲ್ಲ ನಾನು
ಅಡುಗೆಮನೆಯ ಕಿಟಕಿಗೆ ಹಣೆಯೊತ್ತಿ:
ಸ್ವಾಮಿ, ನಿನಗೇನೂ ಅನಿಸುವುದಿಲ್ಲವೇ?
ಅಕ್ಷರಗಳೆಲ್ಲ ಉಪ್ಪುನೀರಲ್ಲಿ ಅದ್ದಿದಂತೆ ಕಲಸಿಹೋದವು.
ಚಾವಣಿಯ ಹಲಗೆ ನರಳಿತು. ಯಾರೂ ಕೆಮ್ಮಲಿಲ್ಲ.

ಆಗ ಹೈನಿಯ ತುಟಿ ಅಲುಗಿತು.
ದನಿಯಿಲ್ಲ; ತೂತಿನಿಂದ ಬರಿಯ ಉಸಿರು, ಸಣ್ಣ ಸಿಳ್ಳಿನಂತೆ.
ಮೂವತ್ತೊಂಬತ್ತು ಜನವರಿಗಳ ಬಾಯಿಪಾಠ.
ಅದನ್ನು ಒಂದೊಂದೇ ಮಾತಾಗಿ ಎತ್ತಿಕೊಂಡವಳು
ಕಿವಿ ಮಂದದ ಓಲುವಾ.
ನಮ್ಮಲ್ಲಿ ತುಟಿ ಓದಬಲ್ಲವಳು ಅವಳೊಬ್ಬಳೇ.
ಆತ ಎದ್ದ, ಎಂದಳು, ಗಾಳಿಗೆ ಬೈದ, ಕಡಲು ಬಾಯಿ ಮುಚ್ಚಿತು,
ಕಿವುಡರು ಹೇಳುವಷ್ಟು ಗಟ್ಟಿಯಾಗಿ.

ಹೊರಗಿನ ಗಾಳಿ ಬೈಗುಳಕ್ಕೆ ಜಗ್ಗಲಿಲ್ಲ.
ಇನ್ನೂ ಎರಡು ದಿನ ಬೀಸಿತು;
ತುಮ್ಮಾಸನ ಕುರಿಕೊಟ್ಟಿಗೆಯ ತಗಡು ಕಡಲು ಸೇರಿತು.

ಬುಧವಾರ ದೋಣಿ ಬಂತು.
ಅಲೆಗಳ ಕೋಪ ಇಳಿದಿರಲಿಲ್ಲ; ಬಕೆಟ್ಟು ಹಿಡಿದು ಕೂತೆ.
ನನ್ನ ಸ್ವೆಟರು ಸುತ್ತಿ ತಲೆಗಿಟ್ಟುಕೊಂಡು
ಈ ಮಹಾರಾಯ, ಗೊರಕೆಗೂ ದನಿಯಿಲ್ಲದವನು,
ನಿದ್ದೆಹೋದ!
ಸಿಟ್ಟು ಬಂತು. ಅಲುಗಾಡಿಸಿ ಎಬ್ಬಿಸಲು ಕೈ ಚಾಚಿದೆ.

ಆಗ ನೆನಪಾಯಿತು.
ಆ ಕತೆ ಹೇಳಿದವರಲ್ಲಿ ಒಬ್ಬ ಮಾತ್ರ ಮರೆಯದೆ ಹೇಳಿದ್ದಾನೆ,
ಆತನ ತಲೆಯಡಿ ದಿಂಬೊಂದಿತ್ತು ಎಂದು.
ಮೀನು ನಾರುವ ದೋಣಿಗೆ ದಿಂಬು ಎಲ್ಲಿಂದ ಬಂತು?
ಯಾರೋ ಹೊಲಿದಿರಬೇಕು. ಯಾರದೋ ಹೆಂಡತಿ, ಯಾರದೋ ಅತ್ತೆ,
ದಿನವಿಡೀ ಜನರ ನಡುವೆ ನಿಂತು ಬಾಡಿದ ಮುಖ ನೋಡಿ
ಇದನ್ನೂ ಇಟ್ಟುಕೊಳ್ಳಿ ಎಂದು ದಡದಿಂದ ಎಸೆದಿರಬೇಕು.
ಅವಳು ದೋಣಿ ಹತ್ತಲಿಲ್ಲ. ಪವಾಡ ಕಾಣಲಿಲ್ಲ.
ಅವಳಿಗೆ ಗೊತ್ತಿದ್ದದ್ದು ಇಷ್ಟೇ:
ಆತನಿಗೂ ದಣಿವಾಗುತ್ತದೆ.

ಅದೇ ದೋಣಿಯಲ್ಲಿದ್ದ ಆತನೂ. ಆತನ ಅಂಗಿಯೂ ಒದ್ದೆ.
ಇಷ್ಟು ವರ್ಷ ಗಾಳಿ ನಿಂತದ್ದನ್ನಷ್ಟೇ ಕೇಳಿಸಿಕೊಂಡಿದ್ದೆ.

ಅಲೆಯೊಂದು ಕಿಟಕಿಗೆ ಅಪ್ಪಳಿಸಿ ಇಳಿಯಿತು.
ಸ್ವೆಟರಿನ ತೋಳು ಜಾರಿತ್ತು;
ಅವನ ಕೆನ್ನೆಯಡಿ ಮತ್ತೆ ಸೇರಿಸಿದೆ.
ಎಬ್ಬಿಸಲಿಲ್ಲ.