ಬಿಲ್ಲಿನಲ್ಲಿ ಹಂಸ

ಗಾಡಿಯನ್ನು ನಾನು ನೋಡಿಲ್ಲ, ಮೊದಲೇ ಹೇಳಿಬಿಡುತ್ತೇನೆ.
ಆಟೋ ಕಾಂಪ್ಲೆಕ್ಸಿನ ಕೊನೇ ಸಾಲಿನಲ್ಲಿ
ನಮ್ಮದು ನಿಕ್ಕಲ್ ಪಾಲಿಶಿನ ಶೆಡ್ಡು.
ಇಲ್ಲಿಗೆ ಬರುವುದು ಗಾಡಿಗಳ ಚೂರು:
ಬುಲೆಟ್ಟಿನ ಸೈಲೆನ್ಸರು, ಸಾಗರದ ಬಸ್ಸಿನ ಹಿಡಿಕೆ,
ಒಮ್ಮೆ ಯಾರದೋ ಮನೆದೇವರ ಪ್ರಭಾವಳಿ.

ಆ ದಿನ ಬಂದದ್ದು ಒಂದು ಹಕ್ಕಿ.
ಗೇಣುದ್ದ. ರೆಕ್ಕೆ ಮೇಲೆತ್ತಿ, ಕತ್ತು ಮುಂದೆ ಚಾಚಿ,
ಮೈತುಂಬ ಸಿಡುಬಿನ ಕಲೆ.
ಪೇಪರಿನಲ್ಲಿ ಸುತ್ತಿ ತಂದವರು
ದಿಬ್ಬಣಕ್ಕೆ ಹಳೇ ಕಾರು ಬಾಡಿಗೆಗೆ ಬಿಡುವ ಹಾಲೇಶಪ್ಪ.
"ಪ್ಯಾಕಾರ್ಡ್ ಗಾಡೀದು ಕಣಮ್ಮ. ಅಮೆರಿಕದ್ದು.
ಹಂಸ. ಕನ್ನಡಿ ಹಂಗೆ ಹೊಳೀಬೇಕು,
ಸೋಮವಾರ ಗಾಡಿಕೊಪ್ಪದಲ್ಲಿ ಮುಹೂರ್ತ."

ಪಕ್ಕದ ಶೆಡ್ಡಿನ ಖಲಂದರ್ ಸಾಹೇಬರು ಕೈ ಒರೆಸುತ್ತ ಬಂದು
ತಿರುಗಿಸಿ ನೋಡಿ, "ಹಂಸ ಎಲ್ಲೀದು? ಹೆಜ್ಜಾರ್ಲೆ" ಎಂದರು.

ನಾನು ಮಂಡಗದ್ದೆಯವಳು.
ಅಪ್ಪನ ದೋಣಿಯ ಮೂತಿಯಲ್ಲಿ ಕೂತು ಬೆಳೆದವಳು.
ಕೊಕ್ಕಿನ ತುದಿ ಕೆಳಗೆ ಬಾಗಿತ್ತು, ಮೀನಿನ ಗಾಳದ ಹಾಗೆ.
ನೀರುಕಾಗೆ, ಅಂದೆ.

ಹಾಲೇಶಪ್ಪನ ಮುಖ ಸಣ್ಣಗಾಯಿತು.
"ಅಷ್ಟು ದೊಡ್ಡ ಗಾಡಿ ನೆತ್ತಿ ಮೇಲೆ ಯಾರಾದ್ರೂ
ಕಾಗೆ ಕೂರಿಸ್ತಾರಾ? ಶುಭಕಾರ್ಯಕ್ಕೆ ಹೋಗೋ ಗಾಡಿ!"

ಸಾಹೇಬರು ಟೀ ತರಿಸಿದರು. ತರಿಸಿದರೆಂದರೆ ಕತೆ ಇದೆ ಅಂತ.

ಓಹಾಯೋದಲ್ಲಿ ಅಣ್ಣತಮ್ಮ ಇದ್ದರಂತೆ, ದೀಪದ ಬುರುಡೆ ಮಾಡುವವರು.
ತಮ್ಮ ಒಂದು ಕಾರು ಕೊಂಡ. ಅದು ದಾರಿದಾರಿಗೆ ಕೆಟ್ಟು ನಿಂತಿತು.
ದೂರು ಒಯ್ದರೆ ಮಾರಿದವನು ಅಂದನಂತೆ,
ಅಷ್ಟು ಬುದ್ಧಿ ಇದ್ದರೆ ನೀನೇ ಮಾಡ್ಕೊ.
ಮಾಡಿಕೊಂಡ.
"ಬೈಗುಳಕ್ಕೆ ಹುಟ್ಟಿದ ಗಾಡಿ, ಆಮೇಲೆ ರಾಜರು ಹತ್ತಿದರು.
ಇಂಜಿನ್ ಓಡ್ತಿದೆಯೋ ಇಲ್ವೋ ಅಂತ ಮುಟ್ಟಿ ನೋಡಬೇಕಿತ್ತು.
ಹೇಗಿದೆ ಅಂತ ಕಂಪನಿ ಜಂಬ ಕೊಚ್ಚುತ್ತಿರಲಿಲ್ಲ,
ಇಟ್ಟುಕೊಂಡವರನ್ನ ಕೇಳಿ, ಅನ್ನೋದು. ಅಷ್ಟೇ ಜಾಹೀರಾತು."

ಮಧ್ಯೆ ಕೆಟ್ಟ ಕಾಲ. ಅಗ್ಗದ್ದೊಂದು ಮಾಡಿದರು.
ಡಾಕ್ಟರು ಕೊಂಡರು, ಜವಳಿಯವರು ಕೊಂಡರು, ಕಂಪನಿ ಉಳಿಯಿತು.
ದೊಡ್ಡವರು ಸದ್ದಿಲ್ಲದೆ ಕ್ಯಾಡಿಲಾಕಿಗೆ ಎದ್ದು ಹೋದರು.
"ಅವರು ದುಡ್ಡು ಕೊಟ್ಟಿದ್ದು
ಪಕ್ಕದ ಮನೇಲಿ ಇಲ್ಲ ಅನ್ನೋದಕ್ಕೆ."
ಕೊನೆಗೆ ಸ್ಟುಡಿಬೇಕರಿನ ಮೈಗೆ
ಪ್ಯಾಕಾರ್ಡಿನ ಹೆಸರು ಅಂಟಿಸಿ ಮಾರಿದರು.
ಜನ ನಕ್ಕರು. ಐವತ್ತೆಂಟಕ್ಕೆ ಬಾಗಿಲು.

ಹಾಲೇಶಪ್ಪ ನಗಲಿಲ್ಲ.
ಅವರ ಗಾಡಿಯ ಹೊಟ್ಟೆಯಲ್ಲಿರುವುದು ಜೀಪಿನ ಡೀಸೆಲ್ ಇಂಜಿನ್ನು.
ಕೂರಿಸಿದವರು ಖಲಂದರ್ ಸಾಹೇಬರೇ.
ಮೂವರೂ ಟೀ ಲೋಟದೊಳಗೆ ನೋಡಿದೆವು.

ರಾತ್ರಿ ಹಳೇ ಕ್ರೋಮು ಕಿತ್ತೆ.
ಕೆಳಗೆ ಸತುವಿನ ಎರಕ, ಪಾಪ, ಬೂದು ಬಣ್ಣ,
ಬಡವರ ಮನೆಯ ಪಾತ್ರೆಯ ಹಾಗೆ.
ಹೊಂಡಗಳಿಗೆ ಸೀಸ ತುಂಬಿ ಉಜ್ಜಿದೆ,
ತಾಮ್ರದ ತೊಟ್ಟಿ, ನಿಕ್ಕಲ್ಲಿನ ತೊಟ್ಟಿ, ಕ್ರೋಮಿನ ತೊಟ್ಟಿ.
ಮೇಲೆತ್ತಿ ತಂತಿಗೆ ಸಿಕ್ಕಿಸಿದಾಗ
ರೆಕ್ಕೆಯ ತುದಿಯಿಂದ ನೀರು ತೊಟ್ಟಿಕ್ಕಿತು
ಮತ್ತು ನನಗೆ ಕಂಡದ್ದು ತುಂಗೆಯ ನಡುಗಡ್ಡೆ.

ಈ ಹಕ್ಕಿಯ ಗರಿಗೆ ನೀರು ಇಳಿಯುತ್ತದೆ, ಅಪ್ಪ ಹೇಳುತ್ತಿದ್ದ.
ಮುಳುಗಿ ಎದ್ದ ಮೇಲೆ ಕೊಂಬೆಯ ಮೇಲೆ ನಿಂತು
ರೆಕ್ಕೆ ಬಿಚ್ಚಿ ಗಂಟೆಗಟ್ಟಲೆ ಹಾಗೇ.
ನೋಡುವವರಿಗೆ ಈಗ ಹಾರುತ್ತದೆ ಅನಿಸುತ್ತದೆ.
ಅದು ಒಣಗುತ್ತಿರುತ್ತದೆ.

ಭಾನುವಾರ ಹಾಲೇಶಪ್ಪ ಬಂದು
ಕೊಕ್ಕಿನಲ್ಲಿ ಮುಖ ನೋಡಿ ಮೀಸೆ ಸರಿಮಾಡಿಕೊಂಡರು.
ಬಿಲ್ಲು ಬರೆಸಿದರು: ಹಂಸ, ಒಂದು. ಎರಡು ಸಾವಿರದ ನಾನೂರು.
ಮತ್ತೆ ದನಿ ತಗ್ಗಿಸಿ,
"ಯಾರಾದ್ರೂ ಏನು ಹಕ್ಕಿ ಅಂತ ಕೇಳಿದ್ರೆ?"

ಇಟ್ಟುಕೊಂಡವರನ್ನ ಕೇಳಿ ಅಂತೀನಿ, ಅಂದೆ.

ಸಾಹೇಬರಿಗೆ ಟೀ ನೆತ್ತಿಗೇರಿತು.
ನಾನೂರು ಇನ್ನೂ ಬಾಕಿ ಇದೆ.